ಮೂರು ಫೆರಿ, ಎರಡು ದ್ವೀಪ, ಹಿಂದಿನ ಸೀಟಿನಲ್ಲಿ ಮಾವ

ಗೋವಾದಲ್ಲಿ ಮನೆ ಮಾಡಿದವರ ಪಾಡು ಗೊತ್ತಲ್ವಾ? ವರ್ಷಕ್ಕೆ ಏಳೆಂಟು ಸಲ ಊರಿಂದ ಯಾರಾದರೂ ಬರುತ್ತಾರೆ. ಬಂದವರಿಗೆ ಬೀಚ್ ಬೇಕು, ಹಳೇ ಗೋವಾದ ಚರ್ಚ್ ಬೇಕು, ಸಂಜೆ ಪಣಜಿಯಲ್ಲಿ ಬೋಟ್ ಬೇಕು. 11 ವರ್ಷದಿಂದ ವಾಸ್ಕೊದಲ್ಲಿರುವ ನನಗೆ ಈ ಸುತ್ತು ಬಾಯಿಪಾಠ. ಆದರೆ ಕಳೆದ ಅಕ್ಟೋಬರಿನಲ್ಲಿ ಬಂದ ಮಾವ, ಅಂದರೆ ನಮ್ಮ ಅಮ್ಮನ ಅಣ್ಣ, ಬಂದ ದಿನವೇ ಹೇಳಿಬಿಟ್ಟರು. “ಬೀಚು ಗೀಚು ಬೇಡ ತಮಾ. ಸಮುದ್ರ ನೋಡೋಕೆ ಕುಮಟೆಯಿಂದ ಇಲ್ಲಿವರೆಗೆ ಬರಬೇಕನಾ?”

ಮಾತು ಸರಿಯೇ. ಅವರ ಮನೆ ಇರುವುದು ಅಘನಾಶಿನಿ ಹೊಳೆಯ ದಂಡೆಯಲ್ಲಿ. ಅಂಗಳದಿಂದ ನಾಲ್ಕು ಹೆಜ್ಜೆ ಇಟ್ಟರೆ ಉಪ್ಪುನೀರು. ಚರ್ಚ್‌ಗಳನ್ನು ಅವರು ಹಿಂದೊಮ್ಮೆ ನೋಡಿದ್ದರು. ಇನ್ನೇನು ತೋರಿಸುವುದು ಅಂತ ರಾತ್ರಿ ಮೊಬೈಲಿನಲ್ಲಿ ನಕ್ಷೆ ತೆಗೆದು ಕೂತೆ. ಮಾಂಡವಿ ನದಿಯ ನಡುವೆ ಎರಡು ದ್ವೀಪ ಇವೆ, ದಿವಾಡಿ ಮತ್ತು ಚೋಡಣ. ನಕ್ಷೆಯಲ್ಲಿ ಇಂಗ್ಲಿಷ್ ಹೆಸರು ದಿವಾರ್, ಚೊರಾವ್ ಅಂತ ಇರುತ್ತದೆ, ಕೊಂಕಣಿಯವರು ಹಾಗೆ ಅನ್ನುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಚೋಡಣಕ್ಕೆ ಒಂದೇ ಸಲ ಹೋಗಿದ್ದೆ, ದಿವಾಡಿಗೆ ಹೋಗೇ ಇರಲಿಲ್ಲ. ಹಳೇ ಗೋವಾದಿಂದ ಫೆರಿಯಲ್ಲಿ ದಿವಾಡಿ, ದ್ವೀಪದ ಇನ್ನೊಂದು ತುದಿಯಿಂದ ಮತ್ತೊಂದು ಫೆರಿಯಲ್ಲಿ ಡಿಚೋಲಿ ಕಡೆಯ ನಾರ್ವೆ, ಅಲ್ಲಿಂದ ಮಯೇಂ ಮೇಲೆ ಚೋಡಣ, ಚೋಡಣದಿಂದ ಮೂರನೇ ಫೆರಿಯಲ್ಲಿ ರಾಯಬಂದರ್, ಆಮೇಲೆ ಪಣಜಿ, ಮನೆ. ನಕ್ಷೆಯ ಮೇಲೆ ಬೆರಳಿಟ್ಟು ಎಳೆದರೆ ಚಂದದ ಒಂದು ಸುತ್ತು. ಸ್ಕೂಟರಿನಲ್ಲಿ ಒಂದು ದಿನಕ್ಕೆ ಸರಿ.

“ಕಾರಿನಲ್ಲಿ ಹೋಗಿ” ಅಂದಳು ಹೆಂಡತಿ. ಅಲ್ಲಿನ ರಸ್ತೆ ಸಣ್ಣದು, ಸ್ಕೂಟರಾದರೆ ಫೆರಿಗೆ ಸಾಲು ನಿಲ್ಲಬೇಕಾಗಿಲ್ಲ ಅಂತ ನಾನು. ಮಾವನಿಗೆ 68 ವರ್ಷ, ಸೊಂಟ ಗಟ್ಟಿ ಇದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ನಾಳೆ ದಶಮಿ ಅಲ್ದನಾ? ಬೆಳಗ್ಗೆ ಏಳರ ಸುಮಾರಿಗೆ ಭರತಿ, ಮಧ್ಯಾಹ್ನ ಒಂದಕ್ಕೆ ಪೂರಾ ಇಳಿತ. ನೋಡಿಕೊಂಡು ಹೊರಡು.” ಭರತಿ ಅಂದರೆ ಉಬ್ಬರ. ಫೆರಿ ದೊಡ್ಡದು ಮಾವ, ಅದಕ್ಕೆ ಭರತಿ ಇಳಿತ ಏನೂ ಇಲ್ಲ ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬೆಳಗ್ಗೆ ಏಳಕ್ಕೆ ಹೊರಟೆವು. ಕುಠ್ಠಾಳಿ ಇಳಿದು ಹೊಸ ಜುವಾರಿ ಸೇತುವೆ ಹತ್ತಿದಾಗ ಗಾಳಿ ಎಷ್ಟು ಜೋರಿತ್ತು ಅಂದರೆ, ಮಾವ ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಂದರೆ ಹಿಂದೆ ಏನನ್ನೂ ಹಿಡಿದುಕೊಂಡಿರಲಿಲ್ಲ. ಅಗಶಿ ದಾಟಿದ ಮೇಲೆ ಗೋವಾ ವೆಲ್ಹಾ ಬರುತ್ತದೆ. ಗೋವಾ ಕದಂಬರ ರಾಜಧಾನಿ ಗೋಪಕಪಟ್ಟಣ ಇದ್ದದ್ದು ಇಲ್ಲೇ. ಈಗ ರಸ್ತೆ ಪಕ್ಕ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಎದುರಿಂದ ಬಂದ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಅಂತ ಬರೆದಿತ್ತು, ಅಷ್ಟೇ. ಇಲ್ಲಿನ ಸಾರಿಗೆ ನಿಗಮಕ್ಕೆ ಇಟ್ಟಿರುವ ಹೆಸರು ಅದೇ.

ಹಳೇ ಗೋವಾದಲ್ಲಿ ಚರ್ಚ್‌ಗಳ ಕಡೆ ತಿರುಗದೆ ನೇರ ನದಿಗೆ ಇಳಿದರೆ ವೈಸ್‌ರಾಯ್ ಕಮಾನು. ಕೆಂಪು ಕಲ್ಲಿನದು. ಅದರ ಮೇಲೆ ವಾಸ್ಕೊ ಡ ಗಾಮಾ ನಿಂತಿದ್ದಾನೆ. ಅವನ ಮರಿಮಗ ಇಲ್ಲಿ ವೈಸ್‌ರಾಯ್ ಆಗಿದ್ದಾಗ ಕಟ್ಟಿಸಿದ್ದು. ಪೋರ್ತುಗಲ್ಲಿನಿಂದ ಬಂದವರು ಹಡಗಿಳಿದು ಈ ಕಮಾನಿನ ಕೆಳಗೇ ಪಟ್ಟಣ ಸೇರುತ್ತಿದ್ದರು. ನಾವು ಉಲ್ಟಾ ದಿಕ್ಕಿನಲ್ಲಿ, ಪಟ್ಟಣದಿಂದ ನೀರಿಗೆ ಹೊರಟಿದ್ದೆವು. ಮೊಬೈಲಿನಲ್ಲಿ ದಾರಿ ಹೇಳುವವಳು “ನೇರ ಹೋಗಿ” ಅನ್ನುತ್ತಲೇ ಇದ್ದಳು, ಎದುರಿಗೆ ನದಿ.

ಫೆರಿಯ ಕೆಲಸ ಸುಲಭ. ಇಳಿಜಾರು ದಕ್ಕೆಗೆ ಬಂದು ಮೂತಿ ಊರುತ್ತದೆ, ಮುಂದಿನ ಕಬ್ಬಿಣದ ಹಲಗೆ ಕೆಳಗೆ ಬೀಳುತ್ತದೆ, ಒಳಗಿದ್ದವರು ಇಳಿಯುತ್ತಾರೆ, ಹೊರಗಿದ್ದವರು ನುಗ್ಗುತ್ತಾರೆ. ಹಾಲಿನ ಕ್ಯಾನ್, ಬ್ರೆಡ್ ಮಾರುವವನ ಸೈಕಲ್, ಯೂನಿಫಾರ್ಮಿನ ಮಕ್ಕಳು, ಎರಡು ಕಾರು, ನಾವು. ನಮ್ಮ ಹತ್ತಿರ ಯಾರೂ ದುಡ್ಡು ಕೇಳಲಿಲ್ಲ. ಮಾವನಿಗೆ ಇದು ಬಹಳ ಹಿಡಿಸಿತು. ಇದೇ ನಮ್ಮ ಮಹದಾಯಿ, ಖಾನಾಪುರದ ಕಾಡಿನಲ್ಲಿ ಹುಟ್ಟಿ ಇಲ್ಲಿಗೆ ಬರೋ ಹೊತ್ತಿಗೆ ಮಾಂಡವಿ ಆಗಿರುತ್ತೆ ಅಂದೆ. ಅವರು ಬಗ್ಗಿ ನೋಡಿದರು. “ಪೇಪರಿನಲ್ಲಿ ಅಷ್ಟು ಗಲಾಟೆ ಮಾಡೋ ಹೊಳೆ ಇದೇಯನಾ?” ಅಂದವರು ಅಂಗೈಯಲ್ಲಿ ನೀರು ತೆಗೆದುಕೊಳ್ಳುವ ಹಾಗೆ ಕೈ ಚಾಚಿದರು. ಹಲಗೆ ಎತ್ತಿದ್ದರಿಂದ ಎಟುಕಲಿಲ್ಲ.

ದಿವಾಡಿ ಇಳಿದ ಕೂಡಲೇ ಸದ್ದು ಕಡಿಮೆಯಾಗುತ್ತದೆ. ಇದಕ್ಕೆ ಕಾರಣ ಏನೂ ಇಲ್ಲ, ಸೇತುವೆ ಇಲ್ಲ ಅಷ್ಟೇ. ಇಲ್ಲಿಂದ ದಾಟಿ ಇನ್ನೆಲ್ಲಿಗೋ ಹೋಗುವ ಲಾರಿ ಇರುವುದಿಲ್ಲ. ಕೊಂಕಣ ರೈಲು ಮಾತ್ರ ದ್ವೀಪದ ಮೇಲೇ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ದಕ್ಕೆಯಿಂದ ಊರಿನವರೆಗೆ ನೀರು ನಿಂತ ಬಯಲಿನ ನಡುವೆ ಏರು ರಸ್ತೆ, ಆಮೇಲೆ ಮರಗಳು ಶುರುವಾಗುತ್ತವೆ, ರಸ್ತೆ ಹಾವಿನ ಹಾಗೆ ಮನೆಗಳ ನಡುವೆ ನುಸುಳುತ್ತದೆ. ಹಳದಿ, ನೀಲಿ ಬಣ್ಣದ ದೊಡ್ಡ ದೊಡ್ಡ ಮನೆಗಳು, ಎಷ್ಟೋ ಮನೆಗಳ ಗೇಟಿಗೆ ಬೀಗ. ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತಿದ್ದೆ, ಎದುರಿಗೆ ಒಂದು ನಾಯಿ ಬಿಟ್ಟರೆ ಯಾರೂ ಸಿಗಲಿಲ್ಲ.

ಮೊದಲು ಪಿಯೆದಾದ್ ಊರಿನ ಗುಡ್ಡ ಹತ್ತಿದೆವು. ಮೇಲೆ ಬಿಳಿ ಚರ್ಚ್. ಅಲ್ಲಿಂದ ಕೆಳಗೆ ನೋಡಿದರೆ ದ್ವೀಪವೇ ಒಂದು ಹರಿವಾಣದ ಹಾಗೆ, ನಡುವೆ ಗುಡ್ಡ, ಸುತ್ತ ಹಸಿರು ಗದ್ದೆ, ಅದರಾಚೆ ನದಿ, ನದಿಯಾಚೆ ಹಳೇ ಗೋವಾದ ಗೋಪುರಗಳು. ನಾನು ಮಾವನ ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಅವರು ನನ್ನ ಕಡೆ ನೋಡುತ್ತಲೇ ಇಲ್ಲ. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಗದ್ದೆಯ ಅಂಚನ್ನೇ ನೋಡುತ್ತಿದ್ದಾರೆ.

“ತಮಾ, ಅದು ಗಜನಿ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುಮಟಾ ಕಡೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಭೂಮಿಗೆ ಗಜನಿ ಅನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲದಲ್ಲಿ ಮಳೆನೀರಿಗೆ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಕಗ್ಗ ಎಂಥ ಭತ್ತ ಅಂದರೆ ಉಪ್ಪು ತಡೆಯುತ್ತದೆ, ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಮೀನು, ಸಿಗಡಿ. ಗೋವಾದಲ್ಲಿ ಇಂಥ ಭೂಮಿಗೆ ಖಾಜನ್ ಅನ್ನುತ್ತಾರೆ. ಈ ಹೆಸರನ್ನು ನಾನು ಪೇಪರಿನಲ್ಲಿ ಹತ್ತಾರು ಸಲ ಓದಿದ್ದೆ. ಗಜನಿ, ಖಾಜನ್, ಎರಡನ್ನೂ ಒಟ್ಟಿಗೆ ಬಾಯಲ್ಲಿ ಹೇಳಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಪ್ಲ್ಯಾನ್ ನನ್ನ ಕೈಯಲ್ಲಿ ಉಳಿಯಲಿಲ್ಲ. ಗುಡ್ಡ ಇಳಿದು ಗದ್ದೆಯ ಕಡೆ ಒಂದು ಮಣ್ಣುದಾರಿ ಹಿಡಿಸಿದರು. ಸ್ವಲ್ಪ ದೂರ ಹೋದ ಮೇಲೆ ಸ್ಕೂಟರ್ ನಿಲ್ಲಿಸಿ ಕಟ್ಟೆಯ ಮೇಲೆ ನಡೆದೆವು. ಒಂದು ಕಡೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು, ಇನ್ನೊಂದು ಕಡೆ ತೆನೆ ಬಾಗಿದ ಭತ್ತ. ಕಟ್ಟೆಯ ನಡುವೆ ಕಲ್ಲಿನ ಕಟ್ಟು, ಅದರ ಬಾಯಿಗೆ ಮರದ ಬಾಗಿಲು. ಇಲ್ಲಿಯವರು ಅದನ್ನು ಮಾನಸ್ ಅನ್ನುತ್ತಾರಂತೆ. ಹತ್ತಿರ ಕೂತು ಬಲೆ ಸರಿಮಾಡುತ್ತಿದ್ದ ಅಜ್ಜನ ಹತ್ತಿರ ಮಾವ ಕೊಂಕಣಿಯಲ್ಲಿ ಮಾತು ತೆಗೆದರು. ಅವರ ಕೊಂಕಣಿ ಕುಮಟೆ ಪೇಟೆಯದು, ಅಜ್ಜನದು ದಿವಾಡಿಯದು, ಅರ್ಧ ಮಾತಿಗೆ ಇಬ್ಬರೂ “ಹಾಂ?” ಅನ್ನುತ್ತಿದ್ದರು. ಆದರೂ ಮಾತು ನಿಲ್ಲಲಿಲ್ಲ.

ಆ ಬಾಗಿಲಿನ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೇನೆ, ಹಾಗಾಗಿ ಅದರ ವಿಷಯ ಹೇಳಲೇಬೇಕು. ಅದನ್ನು ತೆಗೆಯೋರು ಹಾಕೋರು ಯಾರೂ ಬೇಡ. ಹಲಗೆಗಳು ಹೊಳೆಯ ಕಡೆಗೆ ಮಾತ್ರ ತೆರೆದುಕೊಳ್ಳುತ್ತವೆ. ಭರತಿ ಬಂದಾಗ ಹೊಳೆಯ ನೀರೇ ಅವನ್ನು ಒತ್ತಿ ಮುಚ್ಚುತ್ತದೆ, ಉಪ್ಪು ಒಳಗೆ ಬರುವುದಿಲ್ಲ. ಇಳಿತದಲ್ಲಿ ಹೊರಗಿನ ಮಟ್ಟ ಕೆಳಗಾದಾಗ ಗದ್ದೆಯ ನೀರು ಒಳಗಿಂದ ತಳ್ಳಿ ತೆರೆಯುತ್ತದೆ, ಜಾಸ್ತಿ ನೀರೆಲ್ಲ ಹೊರಗೆ. ನಾವು ನಿಂತಾಗ ಹತ್ತು ಗಂಟೆ, ಇಳಿತದ ಹೊತ್ತು. ಬಾಗಿಲು ಒಂದು ಗೇಣು ತೆರೆದು ನಡುಗುತ್ತಿತ್ತು. ಅದರ ಸಂದಿನಿಂದ ಕಂದು ನೀರು ಗಂಟು ಗಂಟಾಗಿ ಬೀಳುತ್ತಿತ್ತು, ಆಗಾಗ ಬೆರಳುದ್ದದ ಒಂದು ಮೀನು ಅದರ ಜೊತೆ ಜಾರುತ್ತಿತ್ತು. ಮಾವ ಕೂತು ಹಲಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು, ಪಾಚಿ ತೆಗೆದು ಮರದ ಎಳೆ ನೋಡಿದರು, ಮೂಸಿ ನೋಡಿದರು. “ಒಳ್ಳೆ ಮರ ಹಾಕಿದ್ದಾರೆ. ನಮ್ಮಲ್ಲಿ ಉಪ್ಪುನೀರು ತಡೆಯೋ ಖಾರ್‌ಲ್ಯಾಂಡ್ ಕಟ್ಟೆಗೆ ಹಾಕಿದ ಹಲಗೆ ಎರಡು ಮಳೆಗಾಲ ತಾಳಲಿಲ್ಲ.”

ಇಲ್ಲಿಯೂ ಎಲ್ಲ ಸರಿ ಇದೆ ಅಂತಲ್ಲ. ಅಜ್ಜ ಕೈ ತೋರಿಸಿದ ಕಡೆ ಗದ್ದೆಯಲ್ಲಿ ಬರೀ ಜೊಂಡು. ಹಿಂದೆ ಊರಿನ ಗಾಂವ್ಕರಿ, ಅಂದರೆ ಊರವರೇ ಸೇರಿದ ಕೂಟ, ಪೋರ್ತುಗೀಸರು ಕೊಮುನಿದಾದ್ ಅಂತ ಕರೆದದ್ದು, ಕಟ್ಟೆ ಕಾಯುವುದು, ಬಾಗಿಲು ನೋಡುವುದು, ಎಲ್ಲ ಹಂಚಿಕೊಂಡು ಮಾಡುತ್ತಿತ್ತಂತೆ. ಈಗ ಮಕ್ಕಳೆಲ್ಲ ಲಿಸ್ಬನ್ನು, ಲಂಡನ್ನು. ಒಂದು ಕಡೆ ಕಟ್ಟೆ ಒಡೆದರೆ ಹತ್ತು ಜನರ ಗದ್ದೆ ಉಪ್ಪು. ಮಾವ ತಲೆ ಆಡಿಸುತ್ತಿದ್ದರು. ನಮ್ಮೂರಲ್ಲಿ ಸಿಗಡಿ ಕೆರೆ ಬಂದು ಕಗ್ಗ ಹೋಯಿತು ಅಂತ ಅವರೂ ತಮ್ಮ ಕಥೆ ಹೇಳಿದರು. ಇಬ್ಬರೂ ಎಷ್ಟು ಸಮಾಧಾನದಿಂದ ಬೈದುಕೊಂಡರು ಅಂದರೆ, ನೋಡಿದವರಿಗೆ ಮದುವೆ ಮಾತುಕತೆ ಅನ್ನಿಸಬೇಕು.

ಕೊನೆಗೆ ಮಾವ ಭತ್ತದ ಹೆಸರು ಕೇಳಿದರು. ಕೋರ್ಗುಟ್. ಕೆಂಪಕ್ಕಿಯಾ? ಹೌದು. ಗಂಜಿಗೆ? ಗಂಜಿಗೆ ಇದನ್ನು ಬಿಟ್ಟು ಬೇರೆ ಇಲ್ಲ. ಅಜ್ಜ ಎದ್ದು ಹೋಗಿ ಐದಾರು ತೆನೆ ಕಿತ್ತು ತಂದುಕೊಟ್ಟರು. ಮಾವ ಒಂದು ಕಾಳನ್ನು ಹಲ್ಲಿನಲ್ಲಿ ಒಡೆದು, ನನ್ನ ಕೈಗೂ ಒಂದು ಹಾಕಿ, ಉಳಿದದ್ದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಗುಂಡಿ ಹಾಕಿದರು. ಆ ಜೇಬಿನಲ್ಲಿ ಮೊದಲಿದ್ದ ಕನ್ನಡಕವನ್ನು ನನ್ನ ಕೈಗೆ ಕೊಟ್ಟರು.

ವಾಪಸ್ ಊರಿನ ಒಳಗೆ ಬಂದಾಗ ರಸ್ತೆ ಬದಿ ಪೈಪಿಗೆ ಗುಂಡಿ ತೋಡುತ್ತಿದ್ದವರ ಹತ್ತಿರ ಊಟದ ಹೋಟೆಲ್ ಎಲ್ಲಿ ಅಂತ ಹಿಂದಿಯಲ್ಲಿ ಕೇಳಿದೆ. ಒಬ್ಬ ಗುದ್ದಲಿ ಊರಿ ನಿಂತು ಮಾವನ ಪಂಚೆ, ಟವೆಲ್ ನೋಡಿ “ಕನ್ನಡದೋರೇನ್ರಿ?” ಅಂದ. ಕುಷ್ಟಗಿ ಕಡೆಯವರು, ನಾಲ್ಕು ಜನ ಅಣ್ಣತಮ್ಮಂದಿರು. “ಹೋಟೆಲ್ ಐತ್ರಿ, ಆದ್ರ ಹನ್ನೆರಡರ ಮ್ಯಾಲ ತೆಗೀತಾರ. ಮೀನ ತಿಂತೀರಿಲ್ಲೋ? ತಿನ್ನದಿದ್ರ ಅಲ್ಲಿ ಏನೂ ಸಿಗೂದಿಲ್ರಿ ಯಪ್ಪಾ.” ನಾವು ತಿನ್ನುವವರೇ. ಅನ್ನ, ತೆಂಗಿನಕಾಯಿಯ ಹುಳಿ, ಹುರಿದ ಬಂಗಡೆ, ತಿಸ್ರ್ಯೊ ಸುಕ್ಕೆ. ತಿಸ್ರ್ಯೊ ಅಂದರೆ ನಮ್ಮ ಬಳಚು, ಹೊಳೆಯಲ್ಲಿ ಸಿಗುವ ಚಿಪ್ಪು. ಅಘನಾಶಿನಿಯ ಬಳಚು ಇದಕ್ಕಿಂತ ದಪ್ಪ ಅಂತ ಮಾವ ಮೂರು ಸಲ ಹೇಳಿದರು, ಮೂರು ಸಲವೂ ಹಾಕಿಸಿಕೊಂಡರು.

ಇನ್ನು ಎರಡನೇ ಫೆರಿ. ದ್ವೀಪದ ಈ ತುದಿಗೂ ನಾರ್ವೆ ಅಂತಲೇ ಹೆಸರು, ಎದುರು ದಡಕ್ಕೂ ನಾರ್ವೆ. ಇದರ ಹಿಂದೆ ಒಂದು ದೇವರ ಕಥೆ ಇದೆ, ಹೇಳುತ್ತೇನೆ, ಮೊದಲು ಬಿದ್ದದ್ದು ಹೇಳಿಬಿಡುತ್ತೇನೆ. ಹೊಳೆ ದಾಟುವಾಗ ಮಧ್ಯಾಹ್ನ ಸುಮಾರು ಒಂದು ಗಂಟೆ. ಪೂರಾ ಇಳಿತ. ಫೆರಿ ದಕ್ಕೆಯ ತೀರಾ ಕೆಳಗೆ ಮೂತಿ ಊರಿತು, ದಿನಾ ನೀರಿನಲ್ಲಿ ಮುಳುಗಿ ಪಾಚಿ ಕಟ್ಟಿದ ಜಾಗದಲ್ಲಿ. ಮುಂದಿನ ಬೈಕಿನವನು ಕಾಲು ಕೊಟ್ಟುಕೊಂಡು ನಿಧಾನವಾಗಿ ಹತ್ತಿಸಿದ. ನಾನು ಒಂದೇ ಉಸಿರಿಗೆ ಹತ್ತಿಸಿಬಿಡೋಣ ಅಂತ ಆಕ್ಸಿಲರೇಟರ್ ತಿರುಗಿಸಿದೆ. ಹಿಂದಿನ ಚಕ್ರ ನಿಂತಲ್ಲೇ ತಿರುಗಿತು, ಆಮೇಲೆ ಸ್ಕೂಟರ್ ಮೆಲ್ಲಗೆ ಅಡ್ಡ ತಿರುಗಿ, ಎಮ್ಮೆ ಕೆಸರಲ್ಲಿ ಮಲಗುವ ಹಾಗೆ ಮಲಗಿತು. ಮಾವ ಅಷ್ಟರಲ್ಲಿ ಇಳಿದಾಗಿತ್ತು. ಮೊಣಕಾಲಿನವರೆಗೆ ನೀರಲ್ಲಿ ನಿಂತು ಹಿಂದಿನಿಂದ ತಳ್ಳಿದರು, ಫೆರಿಯ ಇಬ್ಬರು ಹುಡುಗರೂ ಬಂದರು. ಸ್ಕೂಟರ್ ಮೇಲೆ ಬಂತು, ಕನ್ನಡಿ ಒಂದು ಹೋಯಿತು. ಮಾವನ ಎಡಗಾಲಿನ ಚಪ್ಪಲಿ ನದಿಯಲ್ಲಿ ಹೊರಟೇ ಹೋಯಿತು. ಹೋಗುತ್ತಿದ್ದ ಚಪ್ಪಲಿಯನ್ನು ಅವರು ಸ್ವಲ್ಪ ಹೊತ್ತು ನೋಡಿದರು.

“ಫೆರಿಗೆ ಭರತಿ ಇಳಿತ ಇಲ್ಲ ಅಂದಿದ್ಯಲ್ಲ ಮಾರಾಯಾ.”

ನಾನು ಮಾತಾಡಲಿಲ್ಲ. ಈ ಸುತ್ತು ಹೋಗುವವರು ಉಬ್ಬರದ ಹೊತ್ತು ನೋಡಿಕೊಳ್ಳಿ, ಅಥವಾ ನನ್ನ ಹಾಗೆ ಆಕ್ಸಿಲರೇಟರ್ ತಿರುಗಿಸಬೇಡಿ. ಹಿಂದೆ ಕೂತವರನ್ನು ಮೊದಲು ಇಳಿಸಿ, ಗಾಡಿ ಮೊದಲನೇ ನೂಕಿಗೆ ಬರದಿದ್ದರೆ ಮರ್ಯಾದೆ ನೋಡದೆ ಯಾರನ್ನಾದರೂ ಕರೆಯಿರಿ. ಬರುತ್ತಾರೆ.

ಒಂದು ಚಪ್ಪಲಿ ಹಾಕಿಕೊಂಡು ನಡೆಯುವುದಕ್ಕಿಂತ ಬರಿಗಾಲೇ ವಾಸಿ ಅಂತ ಮಾವ ಉಳಿದದ್ದನ್ನೂ ದಕ್ಕೆಯ ಕಟ್ಟೆಯ ಮೇಲೆ ಬಿಟ್ಟರು. ಮುಂದೆ ಇದ್ದದ್ದು ಸಪ್ತಕೋಟೇಶ್ವರ ದೇವಸ್ಥಾನ, ಹೇಗೂ ಚಪ್ಪಲಿ ಬೇಡದ ಜಾಗ. ಗೋವಾ ಕದಂಬರ ಕುಲದೇವರು ಇವನು. ಅವರ ನಾಣ್ಯಗಳ ಮೇಲೂ ‘ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಅಂತ ಇರುತ್ತದೆ. ಮೊದಲಿನ ದೇವಸ್ಥಾನ ಇದ್ದದ್ದು ಈಗ ನಾವು ಬಿಟ್ಟುಬಂದ ದಿವಾಡಿಯಲ್ಲಿ. ಬಹಮನಿಗಳ ಕಾಲದಲ್ಲಿ ಒಡೆದರು, ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ, 1560ರಲ್ಲಿ ಪೋರ್ತುಗೀಸರು ಮತ್ತೆ ಒಡೆದರು. ಲಿಂಗವನ್ನು ಜನ ಹೊಳೆ ದಾಟಿಸಿ ಈ ದಡಕ್ಕೆ ತಂದರು, ದೇವರ ಜೊತೆ ಊರಿನ ಹೆಸರೂ ದಾಟಿ ಬಂತು. 1668ರಲ್ಲಿ ಶಿವಾಜಿ ಇಲ್ಲಿ ಗುಡಿ ಕಟ್ಟಿಸಲು ಹೇಳಿದ, ಬಾಗಿಲ ಮೇಲೆ ಅದರ ಶಾಸನ ಇದೆ. ಈಗ ದುರಸ್ತಿ ಮಾಡಿ 2023ರಲ್ಲಿ ಮತ್ತೆ ತೆರೆದಿದ್ದಾರೆ, ನೋಡಲು ಅಚ್ಚುಕಟ್ಟಾಗಿದೆ. ಮುಂದೆ ದೀಪಸ್ತಂಭ, ಸುತ್ತ ಮರದ ನೆರಳು, ಒಳಗೆ ನೆಲ ತಣ್ಣಗೆ. ಮಾವ ಲಿಂಗಕ್ಕೆ ಕೈ ಮುಗಿದು, ಹೊರಗೆ ಜಗುಲಿಯ ಮೇಲೆ ಟವೆಲ್ ಹಾಸಿ ಮಲಗಿ, ಅರ್ಧ ಗಂಟೆ ಗೊರಕೆ ಹೊಡೆದರು. ನಾನು ಮೊಣಕೈಯ ತರಚಿದ ಗಾಯ ತೊಳೆದುಕೊಂಡೆ.

ನಾರ್ವೆಯಿಂದ ಮಯೇಂ ಮೇಲೆ ಚೋಡಣದವರೆಗೆ ರಸ್ತೆ ಬಹಳ ಚಂದ. ತಿರುವು, ಇಳಿಜಾರು, ಗೋಡಂಬಿ ತೋಪು, ಇದ್ದಕ್ಕಿದ್ದ ಹಾಗೆ ನೀರು. ಒಂದು ಕನ್ನಡಿ ಇಲ್ಲದ್ದರಿಂದ ನಾನು ಅಷ್ಟೇನೂ ನೋಡಲಿಲ್ಲ. ದಾರಿಯಲ್ಲಿ ಒಂದು ಅಂಗಡಿಯಲ್ಲಿ ಮಾವನಿಗೆ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ಕೊಂಡೆವು. ಅವರ ಅಳತೆಯದು ಇರಲಿಲ್ಲ, ಒಂದು ನಂಬರ್ ದೊಡ್ಡದು.

ಚೋಡಣದ ತುದಿಯಲ್ಲಿ ಫೆರಿ ದಕ್ಕೆಗೆ ಅಂಟಿಕೊಂಡೇ ಸಲೀಂ ಅಲಿ ಪಕ್ಷಿಧಾಮ. 1.78 ಚದರ ಕಿಲೋಮೀಟರ್, ಅಷ್ಟೂ ಕಾಂಡ್ಲಾ ಕಾಡು. ಪರದೇಶದ ಹಕ್ಕಿಗಳು ಬರುವ ಕಾಲ ಆಗಷ್ಟೇ ಶುರು, ನಮಗೆ ಸಿಕ್ಕಿದ್ದು ಒಂದು ಮಿಂಚುಳ್ಳಿ, ನಾಲ್ಕು ಬೆಳ್ಳಕ್ಕಿ. ಆದರೆ ಕಾಲುದಾರಿಯ ಎರಡೂ ಬದಿ ಕೆಸರಿನಲ್ಲಿ ಒಂದೇ ದೊಡ್ಡ ಕೊಂಡಿಯ ಸಣ್ಣ ಏಡಿಗಳು ನೂರಾರು, ನಾವು ಹೆಜ್ಜೆ ಇಟ್ಟ ಕೂಡಲೇ ಎಲ್ಲ ಒಟ್ಟಿಗೆ ಬಿಲದೊಳಗೆ. ನಿಂತರೆ ಮತ್ತೆ ಒಂದೊಂದಾಗಿ ಹೊರಗೆ. ನೀರು ಏರುತ್ತಿತ್ತು. ಬೇರುಗಳ ನಡುವೆ ಅದು ಸದ್ದಿಲ್ಲದೆ ಬಂದು, ಈಗ ನೋಡಿದ ಬಿಲ ಇನ್ನೊಂದು ಸಲ ನೋಡುವಷ್ಟರಲ್ಲಿ ಕಾಣುತ್ತಿರಲಿಲ್ಲ. ಇದನ್ನು ಮಾವನಿಗೆ ತೋರಿಸಲು ಹೋದೆ. “ದಿನಾ ನೋಡ್ತೆ” ಅಂದರು.

ಮೂರನೇ ಫೆರಿಯಲ್ಲಿ ಏನೂ ಆಗಲಿಲ್ಲ. ಭರತಿ ಇತ್ತು, ಹಲಗೆ ಒಣ ಕಾಂಕ್ರೀಟಿನ ಮೇಲೇ ಬಿತ್ತು. ರಾಯಬಂದರಿನಿಂದ ಪಣಜಿಗೆ ಬರುವ ಉದ್ದನೆಯ ಕಟ್ಟೆ ರಸ್ತೆ ಇದೆಯಲ್ಲ, 1633-34ರಲ್ಲಿ ಪೋರ್ತುಗೀಸರು ಹಾಕಿಸಿದ್ದು, ಅದರ ಪಕ್ಕದ ಉಪ್ಪಿನಾಗರದಲ್ಲಿ ಸಂಜೆಯ ಬೆಳಕು ಬಿದ್ದಿತ್ತು. ಆಮೇಲೆ ಟ್ರಾಫಿಕ್. ಜುವಾರಿ ಸೇತುವೆ ಮೇಲೆ ಈ ಸಲ ಮಾವ ನನ್ನ ಸೊಂಟ ಹಿಡಿದುಕೊಂಡಿದ್ದರು. ಮನೆ ಮುಟ್ಟಿದಾಗ ಏಳೂವರೆ, ಮೀಟರಿನಲ್ಲಿ 104 ಕಿಲೋಮೀಟರ್.

ಕೆಸರಾದ ಬಟ್ಟೆಗಳನ್ನೆಲ್ಲ ಹೆಂಡತಿ ರಾತ್ರಿಯೇ ಮಷಿನ್‌ಗೆ ಹಾಕಿದಳು. ಬೆಳಗ್ಗೆ ಬಟ್ಟೆ ತೆಗೆಯುವಾಗ ಕೂಗಿದಳು, “ರೀ, ಇದರಲ್ಲಿ ಭತ್ತ ಎಲ್ಲಿಂದ ಬಂತು?” ಮಾವ ಕಾಫಿ ಲೋಟ ಕೆಳಗಿಟ್ಟು ಓಡಿದರು. ಡ್ರಮ್ಮಿನೊಳಗೆ ತಲೆ ಹಾಕಿ, ಪ್ರತಿ ತೂತಿನ ಹತ್ತಿರ ಬೆರಳಾಡಿಸಿ ಕಾಳು ಆರಿಸಿದರು. ಲೆಕ್ಕ ಹಾಕಿದರೆ 61 ಕಾಳು. ಕಿಟಕಿಯಲ್ಲಿ ಪೇಪರ್ ಹಾಸಿ ಒಣಗಿಸಿದರು. “ಸೋಪಿನ ನೀರಿಗೆ ಸತ್ತು ಹೋಗಿರುತ್ತೆ ಮಾವ” ಅಂದೆ. “ಉಪ್ಪು ತಡೆಯೋ ಭತ್ತ ಇದು, ನಿನ್ನ ಸೋಪಿಗೆ ಹೆದರ್ತದನಾ?” ಅಂದರು. ಮಾರನೇ ದಿನ ರೈಲಿಗೆ ಹೊರಟಾಗ ಅದನ್ನು ಮಾತ್ರೆಯ ಖಾಲಿ ಡಬ್ಬಿಯಲ್ಲಿ ತುಂಬಿ ಒಯ್ದರು. ಕನ್ನಡಕ ನನ್ನ ಹತ್ತಿರವೇ ಉಳಿದುಬಿಟ್ಟಿತ್ತು, ಕೊರಿಯರ್ ಮಾಡಬೇಕಾಯಿತು.